ಗೋವಿನಕೋವಿಯವರೆಗೆ ಹೋದ ರಿಪೇರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಕಡೆ ಹೊಲಿಗೆ ಮಷಿನ್ ಮಾರಿ ರಿಪೇರಿ ಮಾಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಸರ್ವೀಸ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಬಂದ ಮಷಿನ್ನನ್ನು ಬೇಗ ರಿಪೇರಿ ಮಾಡಿ ಕಳಿಸಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ನ್ಯಾಮತಿ ಅಂಗಡಿಗೆ ಗೋವಿನಕೋವಿಯ ಹೆಂಗಸೊಬ್ಬರು ಬಂದರು. ಐವತ್ತರ ಆಸುಪಾಸು, ಎಡಗಾಲು ಕೊಂಚ ಎಳೆಯುತ್ತಿತ್ತು. ಸ್ಟ್ಯಾಂಡನ್ನು ಮನೆಯಲ್ಲೇ ಬಿಟ್ಟು, ಮಷಿನ್ನನ್ನು ಮಾತ್ರ ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ನೂಲು ಕಡಿಯುತ್ತದೆ ಎಂದು ಅವರು ಬಂದದ್ದು ಆ ತಿಂಗಳು ಮೂರನೇ ಸಲ. ನಮ್ಮ ಹಿರಿಯ ಮೆಕ್ಯಾನಿಕ್ ಅಂಗಡಿಯ ಸ್ಟ್ಯಾಂಡಿಗೆ ಕೂರಿಸಿ ತುಳಿದರೆ ಒಂದೆಳೆಯೂ ಕಡಿಯಲಿಲ್ಲ. ಮಷಿನ್ ಸರಿಯಿದೆ ಎಂದು ನಾನು ಚೀಟಿ ಬರೆದುಕೊಟ್ಟೆ. ಆ ಹೆಂಗಸು ಮಷಿನ್ನಿಗೆ ಮತ್ತೆ ಸೀರೆ ಸುತ್ತುತ್ತಾ, “ಇಲ್ಲಿ ಚೆನ್ನಾಗೇ ಐತೆ ಸರ್. ಮನೇಲಿ ಹೆಂಗಾಗ್ತೈತೆ ಅಂತ ನೋಡಾಕೆ ಯಾರೂ ಬರಲ್ಲ” ಎಂದರು.

ನನಗೆ ನಾಚಿಕೆಯಾಯಿತು. ಮೆಕ್ಯಾನಿಕ್ಕನ್ನು ಕರೆದುಕೊಂಡು ಅವರ ಜೊತೆಗೇ ಬಸ್ಸು ಹತ್ತಿದೆ. ಮಷಿನ್ ನನ್ನ ತೊಡೆಯ ಮೇಲಿತ್ತು. ಊರು ಬರುವಷ್ಟರಲ್ಲಿ ಕಾಲು ಮರಗಟ್ಟಿತ್ತು.

ಮನೆಯಲ್ಲಿ ಅವರು ಹೊಲಿಯತೊಡಗಿದರು. ಬಲಗಾಲೊಂದರಲ್ಲೇ ಪೆಡಲಿನ ಅಂಚನ್ನು ತುಳಿಯುತ್ತಿದ್ದರು. ಕಾಲು ಜಾರಿದಾಗಲೆಲ್ಲ ಚಕ್ರ ಹಿಂದಕ್ಕೆ ತಿರುಗಿ ನೂಲು ಕಡಿಯುತ್ತಿತ್ತು. ಮೆಕ್ಯಾನಿಕ್ ನೆಲದ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಇಷ್ಟು ವರ್ಷ ಮಷಿನ್ ನೋಡಿದೆ, ತುಳಿಯೋ ಕಾಲು ನೋಡಲಿಲ್ಲ ನೋಡ್ರಿ” ಎಂದರು. ಮರುವಾರ ಅವರೇ ಒಂದು ಅಗಲವಾದ ಪೆಡಲ್ ಮಾಡಿ, ಕಾಲು ಜಾರದಂತೆ ಅಂಚು ಕಟ್ಟಿ, ಹಾಕಿಕೊಟ್ಟು ಬಂದರು.

ವಾರಕ್ಕೊಂದು ದಿನ ಮೆಕ್ಯಾನಿಕ್‌ಗಳು ಹಳ್ಳಿಗೆ ಹೋಗಲಿ ಎಂದು ನಾನು ಮಾಲೀಕರನ್ನು ಕೇಳಿದೆ. ಅಲ್ಲಿ ಒಂದು ಮಷಿನ್ ನೋಡುವ ಹೊತ್ತಿಗೆ ಇಲ್ಲಿ ಐದು ಮುಗಿಯುತ್ತವೆ ಎಂದು ಅವರು ಒಪ್ಪಲಿಲ್ಲ. ಬಿಡದೆ ಕೇಳಿದ ಮೇಲೆ, ಹೇಗೂ ಮುಚ್ಚಬೇಕೆಂದಿದ್ದ ಜಗಳೂರು ಅಂಗಡಿಯಲ್ಲಿ ಮೂರು ತಿಂಗಳು ಮಾಡಿ ನೋಡಿ ಎಂದರು.

ಮೊದಲು ಎಲ್ಲವೂ ಎಡವಟ್ಟಾಯಿತು. ಮೆಕ್ಯಾನಿಕ್ ಇಲ್ಲದ ದಿನ ಅಂಗಡಿಗೆ ಬಂದವರು ಬೈದು ಹೋದರು. ಯಾವ ದಿನ ಯಾವ ಹಳ್ಳಿ ಎಂದು ಗೊತ್ತುಮಾಡಿ ಬಾಗಿಲಿಗೆ ಅಂಟಿಸಿದೆ. ಹಳ್ಳಿಯಲ್ಲಿ ಕಂಡದ್ದನ್ನು ಶನಿವಾರ ಎಲ್ಲರೂ ಟೀ ಕುಡಿಯುತ್ತಾ ಹೇಳಬೇಕೆಂದೆ. ಮಂಜುಗಣ್ಣಿನವರಿಗೆ ಸೂಜಿಯ ಪಕ್ಕ ಪುಟ್ಟ ದೀಪ ಹಾಕುವ ಯೋಚನೆ ಬಂದದ್ದು ಆ ಮಾತಿನಲ್ಲೇ. ದೀಪವನ್ನೂ ಅಗಲ ಪೆಡಲನ್ನೂ ಕೇಳಿಕೊಂಡು ಬಂದವರು ಹೊಸ ಮಷಿನ್ನನ್ನೂ ಕೊಂಡರು. ಜಗಳೂರು ಅಂಗಡಿ ಉಳಿಯಿತು.

ಕೊನೆಗೆ ಮಾಲೀಕರೇ ಒಂದು ದಿನ ಮೆಕ್ಯಾನಿಕ್ ಜೊತೆ ಚನ್ನಗಿರಿ ಕಡೆಯ ಕೆರೆಬಿಳಚಿಗೆ ಹೋಗಿದ್ದರು. ಅಲ್ಲಿ ವಯಸ್ಸಾದ ದರ್ಜಿಯೊಬ್ಬರು ರೊಟ್ಟಿ ಹಾಕಿ ಉಣ್ಣಿಸಿ, ತಮ್ಮ ಮಷಿನ್ನಿನ ಕಥೆಯೆಲ್ಲ ಹೇಳಿದರಂತೆ. ಮರುದಿನ ಮಾಲೀಕರು ನನ್ನನ್ನು ಕೂರಿಸಿಕೊಂಡು, ಹಳ್ಳಿ ಸುತ್ತಾಕೆ ಇನ್ನೂ ಒಬ್ಬ ಮೆಕ್ಯಾನಿಕ್ಕನ್ನು ಸೇರಿಸ್ಕೊಳ್ರಿ ಅಂದರು. ಕೇಳಿ ಒಳಗೆ ಹೋದವನಿಗೆ ಕಣ್ಣು ತುಂಬಿ ಬಂತು.