ಎರಡು ಗಂಟಿನ ಚೀಲ

ಮೊನ್ನೆ ಹಿತ್ತಲಲ್ಲಿ ಹಾಕೋಣವೆಂದು ಬೆಂಡೆ ಬೀಜದ ಪೊಟ್ಟಣ ಹರಿದೆ. ಬೀಜಕ್ಕೆ ಹಚ್ಚಿದ ಕೆಂಪು ಔಷಧದ ಘಾಟು ಮೂಗಿಗೆ ಬಡಿಯಿತು. ಕೈ ತೊಳೆದುಕೊಂಡೆ, ಸೋಪು ಹಚ್ಚಿ ಮತ್ತೆ ತೊಳೆದೆ. ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ, ದಸ್ತಗೀರ ಚಾಚಾ ನೆನಪಾಗಿದ್ದ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಚಾಚಾ ಅಲ್ಲಿ ಬೀಜ ಪರೀಕ್ಷೆ ಮಾಡುವವನು. ಜೋಳದ ಕಾಳನ್ನು ಹಲ್ಲಿಗೆ ಕೊಟ್ಟು ಕಡಿದು ಸಪ್ಪಳ ಕೇಳುತ್ತಿದ್ದ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುತ್ತಿದ್ದ. ಆಮೇಲೆ ದಬ್ಬಣದಿಂದ ಚೀಲದ ಬಾಯಿ ಹೊಲಿದು ಸುತಳಿಗೆ ಗಂಟು ಹಾಕುತ್ತಿದ್ದ. ಒಂದು ಗಂಟೆಂದರೆ ಬೀಜ ಚಲೋ. ಎರಡು ಗಂಟೆಂದರೆ ಒಣಗುವಾಗ ಮಳೆಗೆ ಸಿಕ್ಕದ್ದು: ಇನ್ನೊಮ್ಮೆ ಬಿಸಿಲಿಗೆ ಹಾಕಿ, ಇನ್ನೊಮ್ಮೆ ಮೊಳಕೆ ನೋಡಿ, ಆಮೇಲೆ ಕಳಿಸಬೇಕು. ಮೂರು ಗಂಟಿನದು ಬಿತ್ತನೆಗಲ್ಲ. ಓದುಬರಹ ಬಾರದ ಹಮಾಲರೂ ಗಂಟು ಮುಟ್ಟಿ ನೋಡಿ ಚೀಲವನ್ನು ಅದರದರ ಜಾಗಕ್ಕೆ ಒಯ್ಯುತ್ತಿದ್ದರು. ಇದನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ, ಬರೆಯುವ ಅಗತ್ಯ ಬಿದ್ದಿರಲೇ ಇಲ್ಲ.

ಆಗ ಕಂಪ್ಯೂಟರ್ ಬಂತು. ಮಾಲಕರು ಅದಕ್ಕೊಂದು ಕೋಣೆ ಕಟ್ಟಿಸಿ ಎಸಿ ಹಾಕಿಸಿದರು. ಚಪ್ಪಲಿ ಹೊರಗೆ, ಧೂಳು ಹೊರಗೆ, ಬೀಜವೂ ಹೊರಗೆ. ಒಳಗೆ ನಾನು! ಅಲ್ಪನಿಗೆ ಐಶ್ವರ್ಯ ಬಂದರೆ ಏನು ಮಾಡಿದನೆಂದು ನಿಮಗೆ ಗೊತ್ತಲ್ಲ, ನಾನು ರಾಣೆಬೆನ್ನೂರಿನ ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಅದುವರೆಗೆ ನನ್ನನ್ನು ‘ತಮ್ಮಾ’ ಅನ್ನುತ್ತಿದ್ದ ಚಾಚಾ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು ‘ಸರ’ ಅನ್ನತೊಡಗಿದ. ಬೇಡ ಅನ್ನಬೇಕಿತ್ತು. ಹಿತವಾಗಿತ್ತು, ಅನ್ನಲಿಲ್ಲ.

ಹುಬ್ಬಳ್ಳಿಯಿಂದ ಬಂದವರು ಮಾಡಿಕೊಟ್ಟ ಪ್ರೋಗ್ರಾಮಿನಲ್ಲಿ ಪ್ರತಿ ಚೀಲಕ್ಕೆ ಪಾಸ್ ಇಲ್ಲವೇ ಫೇಲ್ ಎಂದು ತುಂಬಬೇಕಿತ್ತು. ಕೆಳಗೆ ಪರೀಕ್ಷೆ ಮಾಡಿದವರ ಹೆಸರು. ಎರಡರಲ್ಲಿ ಯಾವುದೊಂದು ಖಾಲಿ ಇದ್ದರೂ ಪ್ರೋಗ್ರಾಮು ಮುಂದೆ ಹೋಗುತ್ತಿರಲಿಲ್ಲ.

“ಎರಡು ಗಂಟಿನವನ್ನ ಏನಂತ ಬರೀಲಿ ಚಾಚಾ?”

“ಪಾಸೂ ಅಲ್ಲ, ಫೇಲೂ ಅಲ್ರಿ ಸರ. ‘ತಡಿ’ ಅಂತ ಬರೀರಿ.”

“ತಡಿ ಅನ್ನಾಕ ಇದರಾಗ ಜಾಗಾನ ಇಲ್ಲ.”

“ಇಷ್ಟ್ ದೊಡ್ಡ ಮಷೀನಿನ್ಯಾಗ ಅಷ್ಟ್ ಜಾಗ ಇಲ್ಲೇನ್ರಿ?” ಎಂದು ನಿಜಕ್ಕೂ ಆಶ್ಚರ್ಯಪಟ್ಟ.

ಮಾಲಕರನ್ನು ಕೇಳಿದೆ. “ಫೇಲ್ ಅಲ್ಲಂದ್ರ ಪಾಸ್ ಆತಲ್ಲ. ಲಗೂ ಮುಗಸು,” ಎಂದರು. ಪಾಸ್ ಎಂದು ತುಂಬಿದೆ. ಮುಂದಿನ ವಾರದಿಂದ ಚೀಲಗಳನ್ನು ಯಂತ್ರವೇ ಹೊಲಿಯತೊಡಗಿತು. ಗಂಟುಗಳಿದ್ದ ಜಾಗಕ್ಕೆ ಅಚ್ಚಾದ ಚೀಟಿ ಬಂತು. ಹಮಾಲರು ಚೀಟಿಯ ಮೇಲೆ ಬೆರಳಾಡಿಸಿ ನೋಡಿ, ಎಲ್ಲ ಚೀಲಗಳನ್ನೂ ಒಂದೇ ಕಡೆ ಒಟ್ಟಿದರು.

ಮುಂಗಾರು ಬಿತ್ತನೆಯಾಗಿ ಎರಡು ವಾರಕ್ಕೆ ಹೊಸರಿತ್ತಿ ಕಡೆಯ ರೈತರು ಬಂದರು. ಹೊಲದಿಂದ ಕೆದರಿ ತಂದ ಬೀಜವನ್ನು ಮಾಲಕರ ಮೇಜಿನ ಮೇಲೆ ಸುರುವಿದರು. ಮೊಳಕೆಯೇ ಇಲ್ಲ. ಮಾಲಕರು ನನ್ನಿಂದ ಕಾಗದ ತೆಗೆಸಿ ಓದಿದರು. “ಕಂಪ್ಯೂಟರ್ ಸುಳ್ಳ ಹೇಳಂಗಿಲ್ಲ. ಇಲ್ಲೇ ಐತಿ ನೋಡ್ರಿ, ಪರೀಕ್ಷೆ ಮಾಡಿದಾಂವ ದಸ್ತಗೀರ.”

ಚಾಚಾ ನನ್ನ ಕಡೆ ಕೈ ಮಾಡಿದ. “ಎರಡು ಗಂಟಿನ ಚೀಲರಿ ಅವು. ಇವ್ರಿಗೆ ಗೊತ್ತೈತಿ, ಕೇಳ್ರಿ.”

ಎಲ್ಲರೂ ನನ್ನನ್ನು ನೋಡಿದರು. “ನಾ ಟೈಪ್ ಮಾಡೂದಷ್ಟರಿ,” ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚಾಚಾನ ಕೆಲಸ ಅಂದೇ ಹೋಯಿತು. ಇಪ್ಪತ್ತು ವರ್ಷ ಕಾಳು ಕಡಿದ ಮನುಷ್ಯ, ರೈತರ ಮುಂದೆ ಮೋಸಗಾರನಾಗಿ ಗೇಟು ದಾಟಿದ.

ಕಂಪನಿ ಬೆಳೆಯಿತು, ಸುಳ್ಳೇಕೆ ಹೇಳಲಿ. ಚಾಚಾನ ಜಾಗಕ್ಕೆ ಮಾತ್ರ ಬೇರೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಯಾವ ಚೀಲ ಯಾವ ಊರಿಗೆ ಹೋಯಿತೆಂದು ನಿಮಿಷದಲ್ಲಿ ಹೇಳುತ್ತಿದ್ದೆವು. ಹಾವೇರಿಯಿಂದ ವ್ಯಾಪಾರಿಗಳು ನೋಡಲು ಬರುತ್ತಿದ್ದರು, ನಾನು ಸ್ವೆಟರ್ ಸರಿಮಾಡಿಕೊಂಡು ತೋರಿಸುತ್ತಿದ್ದೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ನಾವು ತುಂಬಿದ್ದನ್ನು ಇಟ್ಟುಕೊಂಡಿತು, ಅಷ್ಟೇ.

ಮರುವರ್ಷ ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಚಾಚಾ ಸಿಕ್ಕ. ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊಲಿಯುತ್ತಿದ್ದನಂತೆ, ಮಾತಿಗೊಮ್ಮೆ ಕೆಮ್ಮುತ್ತಿದ್ದ. ಬೈಯಲಿಲ್ಲ. ಜೇಬಿನಿಂದ ನಮ್ಮ ಕಂಪನಿಯ ಹೊಸ ಚೀಟಿಯೊಂದನ್ನು ತೆಗೆದ.

“ಇದನ್ನ ಓದಿಸಿದ್ನಿರಿ ಸರ. ನನ್ನ ಹೆಸರ ಐತಂತ. ನಾ ಮುಟ್ಟಿದ ಬೀಜ ಅಲ್ಲ ಇದು. ನಾಳೆ ಇದೂ ಹುಟ್ಟಲಿಲ್ಲಂದ್ರ ಮತ್ತ ನನ್ನ ಮ್ಯಾಲ ಬರತೈತಿ. ಹೆಸರು ತಗದಬಿಡ್ರಿ, ಮತ್ತೇನೂ ಬ್ಯಾಡ.”

“ಪ್ರೋಗ್ರಾಮಿನ್ಯಾಗ ಐತಿ ಚಾಚಾ, ತಗಿಯಾಕ ಬರಂಗಿಲ್ಲ,” ಎಂದೆ.

ಚಾಚಾ ನಂಬಿದ. ಕಂಪ್ಯೂಟರಿನ ವಿಷಯದಲ್ಲಿ ನನ್ನ ಮಾತನ್ನು ಊರೆಲ್ಲ ನಂಬುತ್ತಿತ್ತು.

ಈಗಲೂ ಮದುವೆ ಮನೆಗಳಲ್ಲಿ ಯಾರಾದರೂ ನನ್ನನ್ನು ಮುಂದೆ ಮಾಡಿ, “ನಮ್ಮೂರಾಗ ಮೊದಲ ಕಂಪ್ಯೂಟರ್ ಮುಟ್ಟಿದವರು,” ಅನ್ನುತ್ತಾರೆ. ಇಷ್ಟು ವರ್ಷ ಕೈ ಮುಗಿದು ನಗುತ್ತಿದ್ದೆ. ಇನ್ನು ನಗಲಾರೆ, ಚಾಚಾ ತೀರಿಕೊಂಡ ಮೇಲೆ ಹೇಳಿ ಉಪಯೋಗವಿಲ್ಲದಿದ್ದರೂ ನಿಮಗಾದರೂ ಹೇಳುತ್ತೇನೆ. ಆ ಹೆಸರು ತೆಗೆಯಲು ಎರಡು ನಿಮಿಷ ಸಾಕಿತ್ತು, ನನಗೆ ಬರುತ್ತಿತ್ತು. ತೆಗೆದಿದ್ದರೆ ಆ ಜಾಗ ಖಾಲಿ ಬಿಡುವಂತಿರಲಿಲ್ಲ, ನನ್ನ ಹೆಸರು ಹಾಕಬೇಕಾಗುತ್ತಿತ್ತು.