ಪ್ಯಾನೆಲ್ಲಿನ ಹಿಂದೆ ಸಿಕ್ಕಿದ ಕೈ

ಸರೋಜ ಹುಟ್ಟಿದ್ದು ಪಾಲಿಬೆಟ್ಟದ ಎಸ್ಟೇಟೊಂದರ ಕೂಲಿಗಳ ಲೈನ್‌ಮನೆಯಲ್ಲಿ. ಹದಿನೈದು ವರ್ಷ ಕಾಫಿ ಕುಯ್ದಳು. ಆಮೇಲೆ ಸಿದ್ದಾಪುರದಲ್ಲಿ ಒಡೆದ ನೀರಿನ ಟ್ಯಾಂಕುಗಳಿಗೆ ಫೈಬರ್ ತೇಪೆ ಹಾಕುವವನ ಹತ್ತಿರ ಸೇರಿ, ಅವನಿಗಿಂತ ಚೆನ್ನಾಗಿ ಕೆಲಸ ಕಲಿತಳು. ಹೊಳೆ ಬದಿಯ ರೆಸಾರ್ಟಿನವರು ತಮ್ಮ ಫೈಬರ್ ದೋಣಿ ಕೆಟ್ಟಾಗಲೆಲ್ಲ ಅವಳನ್ನೇ ಕರೆಸುತ್ತಿದ್ದರು. ಗಂಡಸರ ಕೈ ನುಗ್ಗದ ಸಂದಿಗೆ ಅವಳ ಕೈ ನುಗ್ಗುತ್ತಿತ್ತು.

ಕಳೆದ ಮೇ ತಿಂಗಳಲ್ಲಿ ಆ ದೋಣಿಯ ಡ್ಯಾಶ್‌ಬೋರ್ಡಿನ ಪ್ಯಾನೆಲ್ ಕಳಚಿ ಬಿತ್ತು. ವೈರ್ ಕೆಟ್ಟಾಗಲೆಲ್ಲ ಸ್ಕ್ರೂ ಬಿಚ್ಚಿ ಹಾಕಿ, ತೆಳ್ಳನೆಯ ಫೈಬರಿನ ತೂತುಗಳು ಸವೆದಿದ್ದವು.

"ದಪ್ಪ ಸ್ಕ್ರೂ ಹಾಕಿ ಮುಗಿಸು ಸರೋಜ. ಸಂಜೆ ಗೆಸ್ಟ್ ಬರ್ತಾರೆ," ಎಂದ ಮ್ಯಾನೇಜರ್ ಚೇತನ್‌ಕುಮಾರ್.

"ನಾಲ್ಕು ಸಲ ಬಿಚ್ಚಿದ್ರೆ ಅದೂ ಹಿಡಿಯಲ್ಲ ಸಾರ್. ಹಿಂದಿನಿಂದ ನಟ್ ಕೂರಿಸಿದ ಪಟ್ಟಿ ಅಂಟಿಸ್ತೀನಿ. ಎಷ್ಟು ಸಲ ಬಿಚ್ಚಿದ್ರೂ ಆಗ್ತದೆ."

ದೋಣಿ ಹಲಸಿನ ಮರದ ಕೆಳಗೆ, ಟ್ರೇಲರ್ ಮೇಲಿತ್ತು. ಸರೋಜ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಎಡಗೈಯನ್ನು ಮೇಲಕ್ಕೆ ತೂರಿಸಿ, ಅಂಟು ಹಚ್ಚಿದ ಅಲ್ಯೂಮಿನಿಯಂ ಪಟ್ಟಿಯನ್ನು ಪ್ಯಾನೆಲ್ಲಿನ ಹಿಂದೆ ಒತ್ತಿ ಹಿಡಿದಳು. ಎಲೆಕ್ಟ್ರಿಷಿಯನ್ ತೀರ್ಥಪ್ರಸಾದ್ ಮುಂದಿನಿಂದ ಬೋಲ್ಟ್ ತಿರುಗಿಸುತ್ತಿದ್ದ.

"ಹಿಡ್ಕೊಂಡಿದ್ದೀರಲ್ಲ ಸರೋಜಕ್ಕ?"

"ಹಿಡ್ದಿದ್ದೀನಿ. ಜಾಸ್ತಿ ಬಿಗಿ ಮಾಡ್ಬೇಡ, ಫೈಬರ್ ಸೀಳ್ತದೆ."

ಬೋಲ್ಟ್ ತಿರುಗುವುದು ನಿಂತಿತು. ತೀರ್ಥಪ್ರಸಾದ್ ಮೆಲ್ಲನೆ, "ಆನೆ ಅಕ್ಕ. ಅಲ್ಲಾಡ್ಬೇಡಿ," ಎಂದ. ಮರುಕ್ಷಣ ಅವನು ಕೆಳಗೆ ಹಾರಿ ಓಡಿದ ಸದ್ದು ಕೇಳಿತು.

ಒಂಟಿ ಸಲಗ ದೋಣಿಯನ್ನು ಟ್ರೇಲರ್ ಸಮೇತ ಮಗುಚಿತು. ಡ್ಯಾಶ್‌ಬೋರ್ಡ್ ಬಿರಿದು, ಅವಳ ಎರಡು ಬೆರಳು ಪಟ್ಟಿಗೂ ಪ್ಯಾನೆಲ್ಲಿಗೂ ನಡುವೆ ಸಿಕ್ಕಿಕೊಂಡವು. ದಂತ ಫೈಬರನ್ನು ಸೀಳಿಕೊಂಡು ಅವಳ ಮುಖದಿಂದ ಒಂದು ಗೇಣು ಆಚೆ ಒಳಗೆ ಬಂತು, ಹಿಂದೆ ಹೋಯಿತು, ಮತ್ತೆ ಬಂತು. ಎರಡೂ ಕಾಲನ್ನು ಡ್ಯಾಶ್‌ಬೋರ್ಡಿಗೆ ಒದ್ದು ಹಿಡಿದು ಸರೋಜ ಕೈಯನ್ನು ಜಗ್ಗಿದಳು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿತು. ಬೆರಳುಗಳು ಅಲ್ಲೇ ಉಳಿದವು, ಅವಳು ಹೊರಗೆ ಬಂದಳು.

ಆನೆ ಅವಳ ಕಡೆ ತಿರುಗಿತು. ಆಗ ತೀರ್ಥಪ್ರಸಾದ್ ರೆಸಾರ್ಟಿನ ಜೀಪಿನಲ್ಲಿ ಹಾರ್ನ್ ಒತ್ತುತ್ತ ಬಂದು ನಡುವೆ ನುಗ್ಗಿಸಿದ. ಸರೋಜ ಚರಂಡಿಗೆ ಉರುಳಿಕೊಂಡಳು. ಅಲ್ಲಿಂದ ಎಲ್ಲವನ್ನೂ ಕಂಡಳು. ಸಲಗ ಜೀಪನ್ನು ಉರುಳಿಸಿ, ಅವನನ್ನು ಎಳೆದು, ನೆಲಕ್ಕೆ ಬಡಿದು, ಎದೆಯ ಮೇಲೆ ಕಾಲಿಟ್ಟಿತು.

ಮರುದಿನ ಜನ ಶವವನ್ನು ರೆಸಾರ್ಟಿನ ಗೇಟಿನ ಮುಂದೆ ಇಟ್ಟು ಕೂತರು. ಸರೋಜ ಬ್ಯಾಂಡೇಜು ಸುತ್ತಿದ ಕೈಯಲ್ಲೇ ಆಸ್ಪತ್ರೆಯಿಂದ ಬಂದಳು. ಅರಣ್ಯ ಇಲಾಖೆಯ ಅಧಿಕಾರಿ ಚೇತನ್‌ಕುಮಾರನನ್ನು ಎಲ್ಲರೆದುರು ಕೇಳಿದರು: "ನಿನ್ನೆ ಬೆಳಿಗ್ಗೆ ಎಂಟಕ್ಕೇ ನಿಮ್ಮ ಫೋನಿಗೆ ಮೆಸೇಜ್ ಹಾಕಿದ್ವಲ್ಲ, ಆನೆ ಆ ಕಡೆ ಇದೆ ಅಂತ?"

"ನಾನು ತೀರ್ಥಪ್ರಸಾದಂಗೆ ಹೇಳ್ದೆ ಸಾರ್. ಅವ್ನು ಕುಡ್ದಿದ್ದ, ಕೇಳ್ಲಿಲ್ಲ."

ಸರೋಜ ನೇರ ಹೋಗಿ ಬಲಗೈಯಿಂದ ಅವನ ಬಾಯಿಗೆ ಹೊಡೆದಳು. "ನೀನು ಯಾರಿಗೂ ಹೇಳ್ಲಿಲ್ಲ," ಎಂದಳು.

ಅಷ್ಟೇ ಸಾಕಾಯಿತು. ಜನ ಮುಗಿಬಿದ್ದರು. ದೊಣ್ಣೆ, ಕಲ್ಲು, ಚಪ್ಪಲಿ ಕಾಲು. ಅವರಲ್ಲಿ ಅರ್ಧ ಜನ ಅವಳ ಲೈನಿನವರೇ, ಅವಳು ಬೇಡವೆಂದಿದ್ದರೆ ನಿಲ್ಲುತ್ತಿದ್ದರೇನೋ. ಅವಳು ಅನ್ನಲಿಲ್ಲ. ನೋಡುತ್ತ ನಿಂತಳು, ಅವಳಿಗೆ ಹಿತವೆನಿಸುತ್ತಿತ್ತು. ಮುಖಕ್ಕೆ ಅಡ್ಡ ಹಿಡಿದಿದ್ದ ಅವನ ಕೈಗಳು ಸಡಿಲವಾಗಿ ಬಿದ್ದಾಗ ಮಾತ್ರ ಓಡಿ ಹೋಗಿ ಅವನ ಮೇಲೆ ಮಲಗಿದಳು. ಯಾರದೋ ಒದೆಗೆ ಅವಳ ಪಕ್ಕೆಲುಬು ಮುರಿಯಿತು. ಅವನ ದವಡೆ ಒಡೆದಿತ್ತು, ಒಂದು ಕಣ್ಣು ಹೋಗಿತ್ತು.

ಪೊಲೀಸರು ವಿಚಾರಿಸಿದಾಗ ಊರಲ್ಲಿ ಯಾರೂ ಏನೂ ಕಂಡಿರಲಿಲ್ಲ.

"ಮೊದ್ಲು ಹೊಡೆದವಳು ನಾನು," ಎಂದಳು ಸರೋಜ. "ಆನೆ ಬಂದದ್ದನ್ನ ಅವ್ನು ಮುಚ್ಚಿಟ್ಟದ್ದೂ ನಿಜ. ಎರಡೂ ಬರ್ಕೊಳ್ಳಿ."

ಎರಡಕ್ಕೂ ಕೇಸಾಯಿತು. ಲೈನಿನ ಕೆಲವರು ಅವಳೊಡನೆ ಮಾತು ಬಿಟ್ಟರು.

ತಿಂಗಳ ನಂತರ ಅವಳು ತೀರ್ಥಪ್ರಸಾದನ ಮನೆಗೆ ಹೋದಳು. ಅವನ ಹೆಂಡತಿ ಸಿಂಚನಾ ಕಾಫಿ ಕೊಟ್ಟು ಎದುರು ಕೂತಳು.

"ಅವ್ರು ತಪ್ಪಿಸ್ಕೊಂಡಿದ್ರಲ್ಲ ಅಕ್ಕ. ಎಂತಕ್ಕೆ ವಾಪಸ್ ಬಂದದ್ದು?"

"ನನ್ನ ಉಳಿಸ್ಲಿಕ್ಕೆ."

ಸಿಂಚನಾ ಕಾಫಿ ಲೋಟ ಎತ್ತಿಕೊಂಡು ಎದ್ದಳು. "ಇನ್ನು ಬರ್ಬೇಡಿ ಅಕ್ಕ," ಎಂದಳು. "ನಿಮ್ಮ ಮೇಲೆ ಕೋಪ ಇಲ್ಲ. ನಿಮ್ಮನ್ನ ನೋಡ್ಲಿಕ್ಕೆ ಆಗ್ತಾ ಇಲ್ಲ."

ಸರೋಜ ಮತ್ತೆ ಹೋಗಲಿಲ್ಲ. ಸಿದ್ದಾಪುರದಲ್ಲಿ ಟ್ಯಾಂಕುಗಳಿಗೆ ತೇಪೆ ಹಾಕುತ್ತಾಳೆ. ಕೇಸಿನ ದಿನ ವಿರಾಜಪೇಟೆಯ ಕೋರ್ಟಿಗೆ ಬಸ್ಸು ಹತ್ತುತ್ತಾಳೆ.