ಎಂಜಿನ್ ನಿಲ್ಲಿಸಿ ಅಳೆದ ಎಣ್ಣೆ

ನಿಂತ ವಾಹನದ ಎಂಜಿನ್ ಸುಮ್ಮನೆ ಓಡುತ್ತಿದ್ದರೆ ನಾನು ಇಂದಿಗೂ ಎದ್ದು ಹೋಗಿ ನಿಲ್ಲಿಸಿ ಬರುತ್ತೇನೆ. ಮನೆಯವರು ಇದನ್ನು ಜಿಪುಣತನ ಎನ್ನುತ್ತಾರೆ, ನಾನು ಶಿಸ್ತು ಎನ್ನುತ್ತೇನೆ. ಈ ಶಿಸ್ತು ಒಮ್ಮೆ ಒಬ್ಬ ಮನುಷ್ಯನ ಅನ್ನಕ್ಕೆ ಕೈ ಹಾಕಿತ್ತು. ಅದನ್ನು ಮನೆಯಲ್ಲಿ ಹೇಳಿಲ್ಲ. ನಿಮಗೆ ಹೇಳಬಹುದು, ನೀವು ನನ್ನ ಎದುರಿಗೆ ಊಟಕ್ಕೆ ಕೂರುವವರಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಕುಂದಗೋಳದಲ್ಲಿ ಬೇಸಾಯ ಇಲಾಖೆಯ ಸಣ್ಣ ಅಧಿಕಾರಿಯಾಗಿದ್ದೆ. ಯಾವುದೋ ಬೀಜದ ಯೋಜನೆಗೆಂದು ಬಂದಿದ್ದ ಪರದೇಶದ ತಜ್ಞರು ಹೋಗುವಾಗ ನಮಗೊಂದು ಹಳೆಯ ಜೀಪನ್ನು ಬಿಟ್ಟು ಹೋಗಿದ್ದರು. ನಾಲ್ಕೂ ಗಾಲಿ ಎಳೆಯುವ, ಎರೆಮಣ್ಣಿಗೂ ಹೆದರದ ಗಾಡಿ. ಆದರೆ ಅದಕ್ಕೆ ಕ್ಲಚ್ ಇರಲಿಲ್ಲ. ಗಿಯರನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಚಾಲಕ ಮಕ್ತುಂಸಾಬರದು ಇಪ್ಪತ್ತು ವರ್ಷದ ಲಾರಿ ಅನುಭವ. ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತ ಹೋಗಿ ಬ್ರೇಕನ್ನು ತುಳಿಯುತ್ತಿತ್ತು. ಮೊದಲ ತಿಂಗಳು ನನ್ನ ಹಣೆ ಮುಂದಿನ ಗಾಜಿನ ಪರಿಚಯವನ್ನು ಚೆನ್ನಾಗಿ ಮಾಡಿಕೊಂಡಿತು. ಕೊನೆಗೆ ಅವರು ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡು, ಪಡಸಾಲೆಯಲ್ಲಿ ಕೂತವರಂತೆ ಗಾಡಿ ಹೊಡೆಯತೊಡಗಿದರು. ಆಮೇಲೆ ತೊಂದರೆಯಾಗಲಿಲ್ಲ.

ಮಕ್ತುಂಸಾಬರ ಹುದ್ದೆ ಕಾಯಂ ಅಲ್ಲ. ಈ ಜೀಪು ಇರುವತನಕ ಅವರು ಇರುತ್ತಾರೆ ಎಂದು ಆದೇಶದಲ್ಲೇ ಬರೆದಿತ್ತು. ಹೀಗಾಗಿ ಅವರು ಅದನ್ನು ದಿನಾ ಬೆಳಿಗ್ಗೆ ಎಮ್ಮೆ ತೊಳೆದಂತೆ ತೊಳೆಯುತ್ತಿದ್ದರು.

ಪೆಟ್ರೋಲು ತುಟ್ಟಿಯಾದಾಗ ನಾನು ಒಂದು ಲಿಖಿತ ಆಜ್ಞೆ ಹೊರಡಿಸಿದೆ: ವಾಹನ ನಿಂತ ಮೇಲೆ ಯಾವ ಕಾರಣಕ್ಕೂ ಎಂಜಿನ್ ಓಡತಕ್ಕದ್ದಲ್ಲ. ಕಚೇರಿಯಲ್ಲಿದ್ದದ್ದು ಒಂದೇ ವಾಹನ, ಒಬ್ಬರೇ ಚಾಲಕರು. ಆದರೂ ಆಜ್ಞೆಯನ್ನು ಗೋಡೆಗೆ ಅಂಟಿಸಿದೆ.

ಆ ಆಜ್ಞೆಯ ಬೆನ್ನಿಗೇ ಗಿಯರ್ ಬಾಕ್ಸಿನ ಎಣ್ಣೆಯನ್ನೂ ನಾನೇ ಪರೀಕ್ಷಿಸತೊಡಗಿದೆ. ಅದಕ್ಕೊಂದು ಉದ್ದನೆಯ ಕಡ್ಡಿ, ಕಡ್ಡಿಯ ಮೇಲೆ ಎರಡು ಗೆರೆ. ಎಣ್ಣೆ ಅವುಗಳ ನಡುವೆ ಇರಬೇಕು. ಒಂದು ಶನಿವಾರ ಎಂಜಿನ್ ನಿಲ್ಲಿಸಿ ನೋಡಿದರೆ ಅದು ಮೇಲಿನ ಗೆರೆಯನ್ನೂ ದಾಟಿತ್ತು. ಹೆಚ್ಚಾದದ್ದನ್ನು ತೆಗೆಯಿರಿ ಎಂದೆ. ಮಕ್ತುಂಸಾಬರು ತಳದ ನಟ್ಟು ಸಡಿಲಿಸಿ ಗೆರೆಯ ಮಟ್ಟಕ್ಕೆ ಇಳಿಸಿದರು. ಭಾನುವಾರವೆಲ್ಲ ಗಾಡಿ ಶೆಡ್ಡಿನಲ್ಲಿತ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಎಣ್ಣೆ ಮತ್ತೆ ಗೆರೆಯ ಮೇಲೆ! ಮತ್ತೆ ತೆಗೆಸಿದೆ. ಎಣ್ಣೆ ತಾನಾಗಿ ಬೆಳೆಯುವ ಪದಾರ್ಥವಲ್ಲ ಎಂಬಷ್ಟು ವಿಜ್ಞಾನ ನನಗೆ ಗೊತ್ತಿತ್ತು. ಆದ್ದರಿಂದ ಚಾಲಕರೇ ಕದ್ದು ಸುರಿಯುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ಅಂದಿನಿಂದ ಜೀಪಿನ ಬುದ್ಧಿ ಕೆಟ್ಟಿತು. ಸಪಾಟು ರಸ್ತೆಯಲ್ಲಿ ಕಾರಣವಿಲ್ಲದೆ ಗಿಯರ್ ಇಳಿಸಿ ಚೀರುತ್ತಿತ್ತು. ಏರು ಬಂದಾಗ ಎಂಜಿನ್ನಿನ ಗರ್ಜನೆ ದೂರದ ಯರಗುಪ್ಪಿ ಊರಿನವರೆಗೆ ಕೇಳುತ್ತಿತ್ತು, ಗಾಲಿಗಳು ಮಾತ್ರ ಇದ್ದಲ್ಲೇ ಇರುತ್ತಿದ್ದವು. ನಾವು ಆಸೆ ಬಿಟ್ಟ ಮೇಲೆ ಧಡಕ್ಕನೆ ಹಿಡಿದು ಎಲ್ಲರನ್ನೂ ಹಿಂದಕ್ಕೆಸೆದು ಹೊರಡುತ್ತಿತ್ತು.

"ಸಾಹೇಬ್ರ, ಇದಕ್ಕ ಎಣ್ಣಿ ಕಡಿಮಿ ಆಗೇತೇನೋ ಅನಸ್ತೈತ್ರಿ" ಎಂದರು ಮಕ್ತುಂಸಾಬರು.

"ಹಂಗಾರ ಕಡ್ಡಿ ಸುಳ್ಳ ಹೇಳ್ತೈತೇನು?"

"ಕಡ್ಡಿ ಏನ್ ಹೇಳ್ತೈತೋ ನನಗ ಗೊತ್ತಿಲ್ರಿ. ಗಾಡಿ ಮಾತ್ರ ಹಸದೈತ್ರಿ."

ಓದಿದವನು ಕಡ್ಡಿಯನ್ನು ನಂಬುತ್ತಾನೆ, ಓದದವನು ಗಾಡಿಯ ದನಿಯನ್ನು ನಂಬುತ್ತಾನೆ. ಸಂಬಳ ಹೆಚ್ಚಿರುವುದು ಕಡ್ಡಿ ನಂಬುವವನಿಗೆ. ನಾನು ವರದಿ ಬರೆದೆ. ಚಾಲಕ ಮಕ್ತುಂಸಾಬ ಅನುಮತಿಯಿಲ್ಲದೆ ಎಣ್ಣೆ ಸುರಿದು ಗಿಯರ್ ಬಾಕ್ಸ್ ಕೆಡಿಸಿರುವುದರಿಂದ ವಾಹನವನ್ನು ಗುಜರಿಗೆ ಹಾಕಲು ಶಿಫಾರಸು. ಆಡಳಿತದಲ್ಲಿ ಕನ್ನಡ ಬರಲಿ ಎಂಬ ಉಮೇದು ನನಗೆ ಆಗ ಬಹಳ. ದಪ್ಪ ಕಾಗದದ ಮೇಲೆ ಅಚ್ಚ ಕನ್ನಡದಲ್ಲಿ, ಯಾರಿಗಾದರೂ ಅರ್ಥವಾಗುವಂತೆ ಟೈಪು ಮಾಡಿಸಿದೆ.

ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟೆವು. ಯರಗುಪ್ಪಿಯಲ್ಲಿ ರೈತ ಬಸವಣ್ಣೆಪ್ಪನವರ ಕುಸುಬಿ ಹೊಲ ನೋಡಿ, ಅಲ್ಲಿಂದ ಧಾರವಾಡದ ದೊಡ್ಡ ಕಚೇರಿಗೆ ವರದಿ ಮುಟ್ಟಿಸುವುದು. ತಮ್ಮ ಕೆಲಸ ಕಳೆಯುವ ಕಾಗದವನ್ನು ಮಕ್ತುಂಸಾಬರೇ ಜೋಪಾನವಾಗಿ, ಗುಂಡಿ ತಪ್ಪಿಸಿ ಒಯ್ಯುತ್ತಿದ್ದರು. ನನಗೆ ಅದರ ಅರಿವಿತ್ತು. ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ಹೊಲ ನೋಡಿದ್ದಾಯಿತು. ಬಸವಣ್ಣೆಪ್ಪನವರೂ ಧಾರವಾಡಕ್ಕೆಂದು ಹಿಂದೆ ಹತ್ತಿಕೊಂಡರು. ಊರು ದಾಟಿ ಹಳ್ಳಕ್ಕಿಳಿದೆವು. ಆಚೆಯ ಏರಿನಲ್ಲಿ ಜೀಪು ಗರ್ಜಿಸಿತು, ನಿಂತಿತು, ಮೆಲ್ಲಗೆ ಹಿಂದಕ್ಕೆ ಸರಿದು ಹಳ್ಳದ ತಳದ ಸಪಾಟಿನಲ್ಲಿ ತಂಗಿತು. ನಾನು ರೂಢಿಯಂತೆ "ಬಂದ್ ಮಾಡ್ರಿ" ಎಂದೆ.

"ಬ್ಯಾಡ್ರಿ ಸಾಹೇಬ್ರ! ಬ್ಯಾಟರಿ ಸಾಯಾಕ ಬಂದೈತಿ, ಹೊಲದ ಹತ್ರನ ಹೆಂಗೋ ಚಾಲೂ ಆತು. ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ರಿ."

ಹಿಂದಿನಿಂದ ಬಸವಣ್ಣೆಪ್ಪನವರೂ ಗಾಬರಿಯಾಗಿ, "ಬಂದ್ ಮಾಡಬ್ಯಾಡೋ ಮಾರಾಯಾ! ಹ್ವಾದ ವಾರ ದಬ್ಬಿದ್ದು ಸಾಕಾಗೇತಿ" ಎಂದರು. ನಮ್ಮ ಕಡೆ ನಿಂತ ಗಾಡಿಯನ್ನು ದಬ್ಬುವುದಕ್ಕೆ ಯಾರನ್ನೂ ಕರೆಯಬೇಕಿಲ್ಲ, ಜನ ತಾವೇ ಬರುತ್ತಾರೆ. ಹಿಂದಿನ ವಾರ ಯರಗುಪ್ಪಿಯ ಇಪ್ಪತ್ತು ಮಂದಿ ಈ ಜೀಪನ್ನು ಊರಬಾಗಿಲ ಅಗಸಿಯಿಂದ ಕೆರೆಯವರೆಗೆ ದಬ್ಬಿದ್ದರು. ಕ್ಲಚ್ ಇಲ್ಲದ ಆ ಗಾಡಿ ದಬ್ಬಿದರೆ ಚಾಲೂ ಆಗುವುದೇ ಇಲ್ಲ ಎಂಬುದು ಕೆರೆ ಮುಟ್ಟಿದ ಮೇಲೆ ತಿಳಿಯಿತು; ಕೊನೆಗೆ ಒಂದು ಟ್ರ್ಯಾಕ್ಟರಿನ ಬ್ಯಾಟರಿ ತಂದು ಹಚ್ಚಬೇಕಾಯಿತು.

ಹೀಗೆ ನನ್ನ ಆಜ್ಞೆ ಮೊದಲ ಬಾರಿ ಮುರಿಯಿತು. ಎಂಜಿನ್ ಓಡುತ್ತಲೇ ಇತ್ತು. ಎಣ್ಣೆ ಬೇಕಾದಷ್ಟಿದೆ ಎಂದು ಇಬ್ಬರಿಗೂ ತೋರಿಸಿಬಿಡೋಣವೆಂದು ಬಾನೆಟ್ಟು ಎತ್ತಿ ಕಡ್ಡಿ ಎಳೆದೆ. ಒಣಗಿತ್ತು. ಒರೆಸಿ ಮತ್ತೆ ಅದ್ದಿ ತೆಗೆದೆ. ಆಗಲೂ ತುದಿಗೆ ಒಂದು ಹನಿಯಿಲ್ಲ. ಒರೆಸಿದ್ದರಿಂದ ಮಾತ್ರ ವರ್ಷಗಳ ಜಿಡ್ಡು ಹೋಗಿ, ಹಿಡಿಕೆಯ ಹತ್ತಿರ ಇಂಗ್ಲಿಷಿನಲ್ಲಿ ಕೊರೆದ ಸಾಲೊಂದು ಕಂಡಿತು. ಎಂಜಿನ್ ಓಡುತ್ತಿರುವಾಗ ಅಳೆಯಿರಿ ಎಂದಿತ್ತು.

ಎಂಜಿನ್ ಓಡುವಾಗ ಎಣ್ಣೆ ಮೇಲೇರಿ ಯಂತ್ರದೊಳಗೆಲ್ಲ ಕೆಲಸದಲ್ಲಿರುತ್ತದೆ. ನಿಲ್ಲಿಸಿದರೆ ನಿಧಾನವಾಗಿ ಇಳಿದು ತಳದಲ್ಲಿ ಸೇರುತ್ತದೆ. ಸಂಜೆ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತವರನ್ನು ನೋಡಿ ಊರಲ್ಲಿ ಜನ ಹೆಚ್ಚಾದರೆಂದು ಅರ್ಧ ಮಂದಿಯನ್ನು ಊರು ಬಿಡಿಸಿದಂತೆ ನಾನು ಮಾಡಿದ್ದೆ. ನಾಡಿ ನೋಡುವ ವೈದ್ಯ ಕೂಡ ಜೀವ ಇರುವಾಗಲೇ ಕೈ ಹಿಡಿಯುತ್ತಾನೆ. ಆ ಸಾಲನ್ನು ಓದಬಲ್ಲವನು ಕಚೇರಿಯಲ್ಲಿ ನಾನೊಬ್ಬನೇ ಆಗಿದ್ದೆ.

"ತಗದ ಎಣ್ಣಿ ಎಲ್ಲಿ ಚೆಲ್ಲಿದ್ರಿ?" ಎಂದು ಕೇಳಿದೆ.

"ಚೆಲ್ಲೂದ್ಯಾಕ್ರಿ? ಗಾಡೀದು, ಗಾಡ್ಯಾಗ ಇರ್ಲಿ ಅಂತ ಇಟ್ಟೇನ್ರಿ." ಸೀಟಿನ ಕೆಳಗಿಂದ ಡಬ್ಬಿ ತೆಗೆದರು. ಮುಚ್ಚಳಕ್ಕೆ ಅರಿವೆ ಬಿಗಿದು ಕಟ್ಟಿತ್ತು. ಒಳಗೆ ಕೆಂಪು ಎಣ್ಣೆ, ಒಂದು ಕಸವಿಲ್ಲ.

ಸುರಿಯುವ ಕೊಳವೆ ಬೆರಳಿನಷ್ಟು ಸಣ್ಣದು. ಆಲಿಕೆ ಇರಲಿಲ್ಲ. "ದಪ್ಪನ್ನ ಕಾಗದ ಐತೇನ್ರಿ?" ಎಂದರು. ಇತ್ತು. ಒಂದೇ ಇತ್ತು. ನಾನು ಚೀಲದಿಂದ ವರದಿ ತೆಗೆದು, ಬರಹ ಒಳಗಾಗುವಂತೆ ಸುತ್ತಿ, ಕೊಳವೆಗೆ ಸಿಕ್ಕಿಸಿ ಹಿಡಿದೆ. ಅವರು ಡಬ್ಬಿ ಬಗ್ಗಿಸಿದರು. ಬಗ್ಗಿಸಿದವರಿಗೆ ಒಳಗಿನದೆಲ್ಲ ಕಾಣುತ್ತದೆ ಎಂಬುದು ನನಗೆ ಆಮೇಲೆ ಹೊಳೆಯಿತು.

"ಸಾಹೇಬ್ರ, ಇದರಾಗ ನನ್ನ ಹೆಸರ ಐತಲ್ರಿ" ಎಂದರು. ಎಣ್ಣೆಯ ಎಳೆ ಸಣ್ಣಗೆ ಇಳಿಯುತ್ತಲೇ ಇತ್ತು. ಅವರು ಸಾವಕಾಶವಾಗಿ, ತುಟಿ ಅಲುಗಿಸುತ್ತ ಕೊನೆಯವರೆಗೆ ಓದಿದರು. ನನಗೆ ಅಷ್ಟು ನಾಚಿಕೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. "ತಪ್ಪ ನಂದು, ಸಾಬ್ರ" ಎಂದೆ. ಅವರು ಕೊನೆಯ ಹನಿ ಇಳಿಯುವವರೆಗೆ ಡಬ್ಬಿ ಹಿಡಿದಿದ್ದು, ಮುಚ್ಚಳಕ್ಕೆ ಮತ್ತೆ ಅರಿವೆ ಕಟ್ಟಿದರು.

ಜೀಪು ಒಂದೇ ಉಸಿರಿಗೆ ಏರು ಹತ್ತಿತು. ಗಿಯರ್ ಬದಲಾದದ್ದೇ ತಿಳಿಯಲಿಲ್ಲ. ಧಾರವಾಡದಲ್ಲಿ ನಮಗಿನ್ನು ಕೆಲಸವಿರಲಿಲ್ಲ, ಆದರೆ ಬಸವಣ್ಣೆಪ್ಪನವರಿಗಿತ್ತು. ಹೋದೆವು. ಹುಬ್ಬಳ್ಳಿ ಹತ್ತಿರ ಬಂದಾಗ ಮಕ್ತುಂಸಾಬರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಆ ಕಾಗದದ್ದ ಇನ್ನೊಂದ ಪ್ರತಿ ಆಫೀಸಿನ್ಯಾಗ ಐತೇನ್ರಿ?"

ಕಾರ್ಬನ್ ಪ್ರತಿ ಇತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಐತಿ. ನಾಳೆ ಮುಂಜಾನಿನ ಹರದ ಒಗೀತೇನಿ" ಎಂದೆ.

"ಹರೀಬ್ಯಾಡ್ರಿ" ಎಂದರು. "ಮುಂದಿನ ವಾರ ಎಂಜಿನ್ ಎಣ್ಣಿ ಹಾಕೂದೈತಿ. ಅವಾಗೂ ಸುತ್ತಿ ನೀವ ಹಿಡೀರಿ."